ಪಾಮ್ ಸ್ಪ್ರಿಂಗ್ಸ್‌ನ ಗಾಜಿನ ಮನೆಗಳು ಮರುಭೂಮಿ ಬಿಸಿಲನ್ನು ಹೇಗೆ ತಡೆಯುತ್ತಿದ್ದವು?

ಮೊದಲು ಒಂದು ಮಾತು: ಕ್ಯಾಲಿಫೋರ್ನಿಯಾದ ಆ ಊರಿನಲ್ಲಿ 1940–60ರ ದಶಕಗಳಲ್ಲಿ ಕಟ್ಟಿದ ಇಂಥ ಮನೆಗಳಲ್ಲಿ ಎಷ್ಟೋ ಚಳಿಗಾಲದ ಬಿಡಾರಗಳು. ಬೇಸಿಗೆಯಲ್ಲಿ ಬೀಗ ಬೀಳುತ್ತಿತ್ತು. ಹಾಗಂತ ವಿನ್ಯಾಸದಲ್ಲಿ ಜಾಣತನ ಇರಲಿಲ್ಲ ಅಂತಲ್ಲ.

ಮುಖ್ಯ ಉಪಾಯ ಚಾಚಿದ ಸೂರು. ಅಲ್ಲಿ ಜೂನ್ ನಡುಹಗಲಿನ ಸೂರ್ಯ ಸುಮಾರು 80 ಡಿಗ್ರಿ ಎತ್ತರದಲ್ಲಿರುತ್ತಾನೆ, ಡಿಸೆಂಬರಿನಲ್ಲಿ ಸುಮಾರು 33. ದಕ್ಷಿಣದ ಗಾಜಿನ ಮೇಲೆ ಸೂರು 3 ಅಡಿ ಚಾಚಿದರೆ ಜೂನ್ ಮಧ್ಯಾಹ್ನ 8 ಅಡಿಯ ಗಾಜು ಪೂರ್ತಿ ನೆರಳಿನಲ್ಲಿ. ಡಿಸೆಂಬರಿನಲ್ಲಿ ಮೇಲಿನ 2 ಅಡಿ ಮಾತ್ರ ನೆರಳು, ಉಳಿದದ್ದಕ್ಕೆಲ್ಲ ಎಳೆಬಿಸಿಲು.

ಪಶ್ಚಿಮಕ್ಕೆ ಈ ಲೆಕ್ಕ ನಡೆಯುವುದಿಲ್ಲ. ಸಂಜೆಬಿಸಿಲು ಓರೆಯಾಗಿ ಸೂರಿನ ಕೆಳಗೇ ನುಗ್ಗುತ್ತದೆ. ಅದಕ್ಕೇ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ 1946ರ ಕಾಫ್‌ಮನ್ ಮನೆಯಲ್ಲಿ ತಿರುಗಿಸಬಹುದಾದ ಅಲ್ಯೂಮಿನಿಯಂ ಪಟ್ಟಿಗಳನ್ನು ಲಂಬವಾಗಿ ನಿಲ್ಲಿಸಿದ. ಬಿಸಿಲು, ಮರಳುಗಾಳಿ ಎರಡಕ್ಕೂ ಅದೇ ತಡೆ. ಅಗ್ಗದ ಮನೆಗಳಲ್ಲಿ ತೂತಿನ ಕಾಂಕ್ರೀಟ್ ಬ್ಲಾಕಿನ ಜಾಲರಿ ಗೋಡೆ ಈ ಕೆಲಸ ಮಾಡುತ್ತಿತ್ತು.

ನನ್ನ ಮಟ್ಟಿಗೆ ಇವೆಲ್ಲದರಲ್ಲಿ ಶ್ರೇಷ್ಠವಾದದ್ದು ಇನ್ನೊಬ್ಬ ವಾಸ್ತುಶಿಲ್ಪಿ ಆಲ್ಬರ್ಟ್ ಫ್ರೇ 1964ರಲ್ಲಿ ಮುಗಿಸಿದ ತನ್ನ ಸ್ವಂತ ಮನೆ. ಬೆಟ್ಟದ ಬಂಡೆಯನ್ನು ಒಡೆಯದೆ ಒಳಗೇ ಬಿಟ್ಟ. ಗಾಜನ್ನು ಬಂಡೆಯ ಉಬ್ಬುತಗ್ಗಿಗೆ ಸರಿಯಾಗಿ ಕತ್ತರಿಸಿ ಕೂರಿಸಿದ. ಆ ಬಂಡೆಯೇ ಹಾಸಿಗೆಯ ಜಾಗವನ್ನೂ ಕೂರುವ ಜಾಗವನ್ನೂ ಬೇರ್ಪಡಿಸುತ್ತದೆ.

ಸೋಲುವುದು ಎಲ್ಲಿ? ಒಂದೇ ಪದರದ ಗಾಜು ಶಾಖ ತಡೆಯದು, ಏಸಿ ಬಿಲ್ಲು ಏರುತ್ತದೆ. ಚಪ್ಪಟೆ ಚಾವಣಿಗೆ ಅಡಿಗೆ ಕಾಲು ಇಂಚಾದರೂ ಇಳಿಜಾರು ಬೇಕು. ಇಲ್ಲದಿದ್ದರೆ ಅಪರೂಪದ ಮಳೆಯೂ ನಿಂತು, ಹೊರಚಾಚಿದ ಮರದ ತೊಲೆಯ ತುದಿ ಮೊದಲು ಕೊಳೆಯುತ್ತದೆ.