ಆ್ಯಂಟಿಬಯಾಟಿಕ್‌ಗೂ ಬಗ್ಗದ ಬ್ಯಾಕ್ಟೀರಿಯಾ ನೀರಿನಲ್ಲಿದ್ದರೆ ಯುವಿ (ನೇರಳಾತೀತ) ಬೆಳಕಿನಿಂದ ಸಾಯುತ್ತದೆಯೇ?

ಹೌದು, ಸಾಯುತ್ತದೆ. ಔಷಧಕ್ಕೆ ಬಗ್ಗದ್ದು ಬೆಳಕಿಗೂ ಬಗ್ಗಲಿಕ್ಕಿಲ್ಲ ಎಂಬ ಅನುಮಾನ ಸಹಜ. ಆದರೆ ಎರಡರ ದಾರಿಯೇ ಬೇರೆ. ಬ್ಯಾಕ್ಟೀರಿಯಾ ಔಷಧವನ್ನು ಒಡೆದು ಹಾಕಬಹುದು, ಹೊರಗೆ ತಳ್ಳಬಹುದು. ಬೆಳಕನ್ನು ಹಾಗೆ ತಳ್ಳಲು ಆಗುವುದಿಲ್ಲ ಅಲ್ವಾ? 254 ನ್ಯಾನೋಮೀಟರ್ ಸುತ್ತಲಿನ ಯುವಿ ಬೆಳಕು ನೇರವಾಗಿ ಡಿಎನ್‌ಎಗೆ ತಾಗುತ್ತದೆ. ಡಿಎನ್‌ಎಯ ಚಿಕ್ಕ ಘಟಕಗಳಾದ ಪಕ್ಕಪಕ್ಕದ ಥೈಮಿನ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ಆ ಬ್ಯಾಕ್ಟೀರಿಯಾ ಮರಿ ಹಾಕಲಾರದು.

ಕುಡಿಯುವ ನೀರಿಗೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ ಪ್ರಮಾಣದ ಯುವಿ ಬೆಳಕು ಬಳಸುತ್ತಾರೆ. ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಇಷ್ಟು ಸಾಕು.

ನನಗೆ ನಿಜವಾಗಿ ಚಿಂತೆ ತರುವುದು ಬೇರೆ ವಿಷಯ. ಬ್ಯಾಕ್ಟೀರಿಯಾ ಸತ್ತರೂ ಅದರ ಪ್ರತಿರೋಧದ ಜೀನ್ (ಔಷಧಕ್ಕೆ ಬಗ್ಗದಂತೆ ಮಾಡುವ ಡಿಎನ್‌ಎ ತುಣುಕು) ಉಳಿದುಬಿಡಬಹುದು. ಇಡೀ ಡಿಎನ್‌ಎಯಲ್ಲಿ ಎಲ್ಲೋ ಕೆಲವು ಕಡೆ ಪೆಟ್ಟು ಬಿದ್ದರೂ ಕೋಶದ ಕೆಲಸ ನಿಲ್ಲುತ್ತದೆ. ಆದರೆ ಜೀನ್ ಒಂದು ಚಿಕ್ಕ ತುಣುಕು. ಪೆಟ್ಟು ಅದರ ಮೇಲೆಯೇ ಬೀಳಬೇಕೆಂದರೆ ಪ್ರಮಾಣ ತುಂಬಾ ಜಾಸ್ತಿ ಬೇಕು. ಉಳಿದ ತುಣುಕನ್ನು ಬೇರೆ ಬ್ಯಾಕ್ಟೀರಿಯಾ ಎತ್ತಿಕೊಂಡರೆ ಅದಕ್ಕೂ ಆ ಶಕ್ತಿ ಬರಬಹುದು. ಅದಕ್ಕೇ ಕೊಳಚೆ ನೀರಿನ ಶುದ್ಧೀಕರಣದಲ್ಲಿ ಯುವಿ ಜೊತೆ ಕ್ಲೋರಿನ್, ಹೈಡ್ರೋಜನ್ ಪೆರಾಕ್ಸೈಡ್ ಅಥವಾ ಪೊರೆಯ ಸೋಸುವಿಕೆ ಸೇರಿಸುವುದು ಒಳ್ಳೆಯದು.

ಇನ್ನೊಂದು ಮಾತು. ನೀರು ಕದಡಿದ್ದರೆ ಬೆಳಕು ಒಳಗೆ ಹೋಗುವುದಿಲ್ಲ, ಮೊದಲು ಸೋಸಲೇಬೇಕು. ಯುವಿ ಕಾವಲು ದೀಪದ ಕೆಳಗಷ್ಟೇ. ಮುಂದೆ ಪೈಪಿನಲ್ಲಿ, ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ಮತ್ತೆ ಬೆಳೆಯಬಹುದು. ಅರೆಬರೆ ಪೆಟ್ಟು ತಿಂದ ಕೆಲವು ಬ್ಯಾಕ್ಟೀರಿಯಾಗಳಂತೂ ಬಿಸಿಲು ಬಿದ್ದರೆ ತಮ್ಮ ಡಿಎನ್‌ಎಯನ್ನು ತಾವೇ ಸರಿಪಡಿಸಿಕೊಳ್ಳುತ್ತವೆ.