ಬಾಗಿಲು ಮುಚ್ಚಿದ್ದು ಯಾರು?

ನಮಸ್ಕಾರ.

ನಿಮ್ಮ 'ಇಸ್ಲಾಂ ಮತ್ತು ಮರುಚಿಂತನೆ' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಯಾಕೆಂದು ನೇರವಾಗಿಯೇ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

'ಮುಕ್ತ ಮನಸ್ಸು' ಅನ್ನುವ ಮಾತು ಹನ್ನೊಂದು ಸಲ ಬಂದಿದೆ. ಆದರೆ ಯಾರಾದರೂ ಕೂತು ಯೋಚಿಸುವುದು ಒಂದು ಕಡೆಯೂ ಕಾಣುವುದಿಲ್ಲ. ಮೂಲವನ್ನೇ ನೋಡಿ ಸ್ವಂತ ವಿಚಾರದಿಂದ ತೀರ್ಮಾನಕ್ಕೆ ಬರುವುದು ಇಜ್ತಿಹಾದ್. ಅದರ ಬಾಗಿಲನ್ನು ಧರ್ಮಪಂಡಿತ ಇಮಾಂ ಗಝಾಲಿ ಮುಚ್ಚಿದರು ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆ ಬಾಗಿಲು ಮುಚ್ಚಿರಲೇ ಇಲ್ಲ ಎಂದು ಇಸ್ಲಾಮಿ ಕಾನೂನಿನ ವಿದ್ವಾಂಸ ವಾಯಲ್ ಹಲ್ಲಾಕ್ 1984ರಲ್ಲೇ ವಾದಿಸಿದ್ದಾರೆ. ಗಝಾಲಿ ತಮ್ಮ ಒಂದು ಪುಸ್ತಕದಲ್ಲಿ ತತ್ವಜ್ಞಾನಿಗಳನ್ನು ಇಪ್ಪತ್ತು ವಿಷಯಗಳಲ್ಲಿ ತರಾಟೆಗೆ ತೆಗೆದುಕೊಂಡದ್ದು ಹೌದು. ಆದರೆ ಅದೇ ಪುಸ್ತಕದ ಶುರುವಿನಲ್ಲಿ, ಗ್ರಹಣದ ಲೆಕ್ಕವನ್ನು ಧರ್ಮದ ಹೆಸರಲ್ಲಿ ಅಲ್ಲಗಳೆಯುವವರು ಧರ್ಮಕ್ಕೇ ಪೆಟ್ಟು ಕೊಡುತ್ತಾರೆ ಎಂದೂ ಹೇಳುತ್ತಾರೆ. ನಿಮ್ಮ ಖಳನಾಯಕ ಅಷ್ಟು ಸುಲಭಕ್ಕೆ ಕೈಗೆ ಸಿಗುವವರಲ್ಲ.

ಇಬ್ನ್ ರುಷ್ದ್ (1126–1198) ನಿಮ್ಮಲ್ಲಿ ಅರಿಸ್ಟಾಟಲನ ವ್ಯಾಖ್ಯಾನಕಾರರಾಗಿ ಬಂದು ಹೋಗುತ್ತಾರೆ, ಅಷ್ಟೆ. ಅವರು ಸ್ಪೇನಿನ ಸೆವಿಲ್ಲೆ, ಕೊರ್ಡೋಬಾಗಳಲ್ಲಿ ಖಾಜಿ, ಅಂದರೆ ನ್ಯಾಯಾಧೀಶ ಆಗಿದ್ದವರು. ಅವರ ಧರ್ಮಶಾಸ್ತ್ರದ ಪುಸ್ತಕ 'ಬಿದಾಯತುಲ್ ಮುಜ್ತಹಿದ್' ತೆಗೆದು ವುಜೂ, ಅಂದರೆ ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ಶುದ್ಧಿಯಾಗುವ ಭಾಗ ಓದಿ. ಹೆಣ್ಣನ್ನು ಮುಟ್ಟಿದರೆ ವುಜೂ ಮುರಿಯುತ್ತದಾ? ಇದರಲ್ಲಿ ಧರ್ಮಶಾಸ್ತ್ರದ ಮೂವರು ಇಮಾಮರದು ಮೂರು ದಾರಿ. ಮುರಿಯುತ್ತದೆ ಅಂದರು ಶಾಫಿ. ಇಲ್ಲ ಅಂದರು ಅಬೂ ಹನೀಫಾ. ಸುಖದ ಭಾವ ಇದ್ದರೆ ಮಾತ್ರ ಅಂದರು ಮಾಲಿಕ್. ಇಬ್ನ್ ರುಷ್ದ್ ಹುಡುಕುವುದು ಈ ತಕರಾರು ಹುಟ್ಟಿದ ಜಾಗವನ್ನು. ಅದು ಕುರ್‌ಆನಿನ ಒಂದು ಪದ. ಅರಬಿಯಲ್ಲಿ 'ಲಮ್ಸ್' ಅಂದರೆ ಕೈಯಲ್ಲಿ ಮುಟ್ಟುವುದೂ ಹೌದು, ಗಂಡುಹೆಣ್ಣು ಕೂಡುವುದನ್ನು ಮರೆಮಾಡಿ ಹೇಳುವ ಮಾತೂ ಹೌದು. ಒಬ್ಬೊಬ್ಬರು ಒಂದೊಂದು ಅರ್ಥ ಹಿಡಿದರು.

ಈ ತಕರಾರು ಸ್ಪೇನಿನಲ್ಲೇ ಉಳಿದಿಲ್ಲ. ಮಂಗಳೂರಿನ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪದ್ಧತಿಯವರು. ಘಟ್ಟ ಹತ್ತಿದರೆ ಅಬೂ ಹನೀಫಾ ಪದ್ಧತಿಯ ಹನಫಿಗಳು ಜಾಸ್ತಿ. ನೀವು ದೂರದ ಟರ್ಕಿಯಲ್ಲಿ ಹುಡುಕಿದ ಉದಾಹರಣೆ ಬಸ್ಸಿನಲ್ಲಿ ಹೋಗುವಷ್ಟು ಹತ್ತಿರದಲ್ಲೇ ಇತ್ತು, ಅಲ್ವಾ?

ಹಾಗಂತ ಸುಮ್ನೆ ಹೊಗಳಬೇಡಿ. 1195ರಲ್ಲಿ ಅದೇ ಇಬ್ನ್ ರುಷ್ದ್ ಅವರನ್ನು ಲುಸೇನಾ ಎಂಬ ಊರಿಗೆ ಗಡಿಪಾರು ಮಾಡಿದರು, ತತ್ವಶಾಸ್ತ್ರದ ಪುಸ್ತಕಗಳನ್ನು ಸುಟ್ಟರು. ಅದೂ ಬರಲಿ.

ಕರೆ ಕೊಡುವ ಕೊನೆಯ ಎರಡು ಪುಟ ಪೂರ್ತಿ ತೆಗೆಯಿರಿ. 'ಲಮ್ಸ್' ಪದದಿಂದಲೇ ಶುರುಮಾಡಿ, 800 ಪದದೊಳಗೆ ಮುಗಿಸಿ ಮತ್ತೆ ಕಳಿಸಿ. ಕಾಯುತ್ತಿರುತ್ತೇನೆ.