ಹೊಸ ಡಿಸ್ಕ್, ಪ್ಯಾಡ್ ಹಾಕಿಸಿದ್ಮೇಲೆ ಬ್ರೇಕ್ ಹಿಡೀತಿಲ್ಲ ಅಂದ್ರೆ

ಪೆಡಲ್ ಗಟ್ಟಿ ಇದೆ, ಆದ್ರೂ ಹೊಸ ಡಿಸ್ಕ್ ಪ್ಯಾಡ್ ಹಾಕಿಸಿದ್ಮೇಲೆ ಸಂಪಾಜೆ ಘಾಟಿ ಇಳಿವಾಗ ಗಾಡಿ ನಿಲ್ತಿಲ್ಲ ಅಂದ್ರಲ್ಲ, ಬಹುಶಃ ಪ್ಯಾಡ್ ಇನ್ನೂ ಡಿಸ್ಕಿಗೆ ಕೂತಿಲ್ಲ, ಇಲ್ಲಾಂದ್ರೆ ತುಕ್ಕು ಹಿಡೀಬಾರ್ದು ಅಂತ ಹೊಸ ಡಿಸ್ಕಿಗೆ ಹಚ್ಚಿರೋ ಎಣ್ಣೆ ಒರೆಸದೇ ಫಿಟ್ ಮಾಡಿದಾರೆ. ನೋಡದೇ ಯಾವ್ದು ಅಂತ ಹೇಳೋದು ಕಷ್ಟ.

ಮೊದ್ಲು ಅಂಗಳದಲ್ಲೇ ಬೂಸ್ಟರ್, ಅಂದ್ರೆ ಪೆಡಲ್ ಒತ್ತೋವಾಗ ಕಾಲಿನ ಬಲ ಹೆಚ್ಚಿಸೋ ಭಾಗ, ನೋಡ್ಬಿಡಿ. ಇಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಕಾಲು ತೆಗೀದೇ ಸ್ಟಾರ್ಟ್ ಮಾಡಿ, ಪೆಡಲ್ ಸ್ವಲ್ಪ ಕೆಳಗಿಳೀಬೇಕು. ಇಳೀಲಿಲ್ಲಾಂದ್ರೆ ಬೂಸ್ಟರಿಗೆ ಹೋಗೋ ವ್ಯಾಕ್ಯೂಮ್ ಪೈಪ್ ಚೆಕ್ ಮಾಡಿಸಿ.

ಅದು ಸರಿ ಇದ್ರೆ ಚಕ್ರ ಬಿಚ್ಚಿಸಿ ಬ್ರೇಕ್ ಕ್ಲೀನರ್ ಹಾಕಿ ಡಿಸ್ಕ್ ಎರಡೂ ಕಡೆ ಒರೆಸ್ಬೇಕು, ಪ್ಯಾಡ್ ಎಣ್ಣೆ ಕುಡಿದಿದ್ರೆ ಉಜ್ಜಿ ಪ್ರಯೋಜನ ಇಲ್ಲ, ಬದಲಾಯಿಸೋದೇ. ಹಾಗೇ ಪ್ಯಾಡನ್ನ ಡಿಸ್ಕಿಗೆ ಒತ್ತೋ ಕ್ಯಾಲಿಪರಿನ ಪಿನ್ ಕೈಯಲ್ಲಿ ಸಲೀಸಾಗಿ ಜಾರುತ್ತಾ ನೋಡಿಸಿ, ನಮ್ಮ ಕಡೆ ಮಳೆಗೆ ಅದು ಕಚ್ಕೊಳ್ಳೋದು ಮಾಮೂಲು.

ಆಮೇಲೆ ಪ್ಯಾಡ್ ಡಿಸ್ಕಿಗೆ ಕೂರೋಕೆ, ಕುಶಾಲನಗರ ದಾಟಿ ಬೈಲುಕುಪ್ಪೆ ಕಡೆ ಸಮತಟ್ಟು ರಸ್ತೇಲಿ, ಬೆಳಿಗ್ಗೆ ಹಿಂದೆ ಯಾರೂ ಇಲ್ಲದಾಗ, ಗಂಟೆಗೆ 60 ಕಿ.ಮೀ. ವೇಗದಿಂದ 20ಕ್ಕೆ ಒಂದೇ ಸಮ ಬ್ರೇಕ್ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸ್ಬೇಡಿ, ಮಧ್ಯೆ ಓಡಿಸ್ಕೊಂಡೇ ತಣಿಯೋಕೆ ಬಿಡಿ, ಹೀಗೆ ಎಂಟ್ಹತ್ತು ಸಲ. ಪ್ಯಾಡ್ ಡಬ್ಬಿ ಮೇಲೆ ಬೇರೆ ಥರ ಬರೆದಿದ್ರೆ ಅದೇ ಮಾಡಿ. ಹಿಡಿತ ಬರೋವರೆಗೆ ಘಾಟಿಗೆ ಇಳಿಸ್ಬೇಡಿ.